ಏಳು ಹರಳಿನ ಮೂಗುಬೊಟ್ಟಿನ ಮಹಾಸಮರ

ಹಣೆಯಲ್ಲಿ ಕಣ್ಣು, ಕೊರಳಲ್ಲಿ ಕಪ್ಪು, ಜಡೆಯಲ್ಲಿ ಹೊಳೆ, ಹೆಗಲಲ್ಲಿ ಹಾವು, ಇಷ್ಟೆಲ್ಲ ಇಟ್ಟುಕೊಂಡಿರುವುದರಿಂದ ಎಂಥ ಮೊಂಡು ಕುಂಚದವನ ಕೈಗೆ ಸಿಕ್ಕರೂ ಗುರುತು ತಪ್ಪದ ಪರಶಿವನೇ, ಮೊದಲ ಶರಣು ನಿನಗೆ. ಚಿತ್ರ ಬರೆಯುವವರ ಕಷ್ಟವನ್ನು ನಿನ್ನಷ್ಟು ಅರಿತ ದೇವರು ಇನ್ನೊಬ್ಬನಿಲ್ಲ. ಮನುಷ್ಯರ ಮುಖಗಳನ್ನಾದರೋ ನೀನು ಅಷ್ಟು ಸುಲಭವಾಗಿ ಮಾಡಲಿಲ್ಲ. ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ ಎಂದು ಎಲ್ಲರಿಗೂ ಒಂದೇ ಸಾಮಾನು ಹಂಚಿ, ಅವರವರ ಮುಖವನ್ನು ಅವರವರ ಪ್ರೀತಿಯವರೇ ನೆನಪಿಟ್ಟುಕೊಳ್ಳಲಿ ಎಂದು ಬಿಟ್ಟುಬಿಟ್ಟೆ. ಹಾಗೆ ನೆನಪಿಡಲು ಹೊರಟ ಒಬ್ಬ ವೀರನ ಯುದ್ಧವನ್ನು ಈಗ ಹೇಳಬೇಕಾಗಿದೆ. ನಾಲಗೆಯ ಮೇಲೆ ನಿಂತು ನಡೆಸಿಕೊಡು.

ಅದು ಎಂಥ ಕಾಲವೆಂದರೆ, ಮನುಷ್ಯರು ಅಂಗೈಯಗಲದ ಗಾಜಿನೊಳಗೆ ಮೂರು ಲೋಕಗಳನ್ನು ನೋಡಿ ಮುಗಿಸಿ ನಾಲ್ಕನೆಯದಕ್ಕಾಗಿ ಬೆರಳು ಸರಿಸುತ್ತಿದ್ದ ಕಾಲ. ಗದಗ-ಬೆಟಗೇರಿಯ ಅಚ್ಚುಕೂಟಗಳಲ್ಲಿ ತಲೆತಲಾಂತರದಿಂದ ಖಣಖಣಿಸುತ್ತಿದ್ದ, ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರಗಳು ಗುಜರಿಯ ತಕ್ಕಡಿಯೇರಿ ಮುಕ್ತಿ ಪಡೆದಿದ್ದ ಕಾಲ. ಕುದುರೆ ಓಡಬೇಕಾದರೆ ಕುದುರೆಯೇ ಬೇಕೆಂಬ ನಿಯಮ ತಪ್ಪಿಹೋಗಿ, ಗೆರೆಗಳೇ ಎದ್ದು ಓಡತೊಡಗಿದ್ದ ಕಾಲ. ಅಂಥ ಕಾಲದಲ್ಲಿ ಬೆಟಗೇರಿಯ ಒಂದು ಓಣಿಯಲ್ಲಿ, ಮಗಳ ಮನೆಯ ಪಡಸಾಲೆಯಲ್ಲಿ, ಕಾಷ್ಠಫಲಕಭೇದನಚತುರನೂ ಸಹಸ್ರಲಗ್ನಪತ್ರಿಕಾಲಂಕಾರಕರ್ತನೂ ಆದ ಗುರುಶಾಂತಪ್ಪನೆಂಬ ವೀರನಿದ್ದನು. ಎಂದರೆ, ಅಚ್ಚುಕೂಟವೊಂದರಲ್ಲಿ ನಾಲ್ವತ್ತೊಂದು ವರ್ಷ ಕಟ್ಟಿಗೆಯ ಬ್ಲಾಕು ಕೆತ್ತಿದವನು. ಬೀಡಿಕಟ್ಟಿನ ಮೇಲೆ ಹುಲಿಯನ್ನೂ, ಸೋಡಾ ಬಾಟಲಿಯ ಮೇಲೆ ಹಂಸವನ್ನೂ, ಊದಿನಕಡ್ಡಿಯ ಪೊಟ್ಟಣದ ಮೇಲೆ ಮಹಾಲಕ್ಷ್ಮಿಯನ್ನೂ ಪ್ರತಿಷ್ಠಾಪಿಸಿದವನು.

ಆ ವಿದ್ಯೆಯ ಮರ್ಮ ಒಂದೇ. ಬ್ಲಾಕಿನಲ್ಲಿ ಎಲ್ಲವನ್ನೂ ತಿರುವುಮುರುವಾಗಿ ಕೆತ್ತಬೇಕು. ಕಟ್ಟಿಗೆಯಲ್ಲಿ ದೇವರು ಎಡಗೈಯೆತ್ತಿ ಹರಸಿದರೆ ಮಾತ್ರ ಕಾಗದದ ಮೇಲೆ ಬಲಗೈಯೆತ್ತಿ ಹರಸುತ್ತಾನೆ. ಉಳಿದ ಕೆತ್ತನೆಗಾರರು ಹೆಜ್ಜೆಹೆಜ್ಜೆಗೂ ಕನ್ನಡಿ ಹಿಡಿದು ನೋಡಿಕೊಳ್ಳುತ್ತಿದ್ದರು. ಗುರುಶಾಂತಪ್ಪನು ಕನ್ನಡಿಯನ್ನು ಗಡ್ಡ ಬೋಳಿಸಲು ಮಾತ್ರ ಬಳಸಿದವನು.

ಇಂಥ ವೀರನು ಒಂಬತ್ತು ತಿಂಗಳಿಂದ ಗೋಡೆ ನೋಡುತ್ತ ಕುಳಿತಿದ್ದನು. ಐವತ್ತೆರಡು ವರ್ಷ ಜೊತೆಯಲ್ಲಿ ಬಾಳಿದ ಮಡದಿ ನೀಲಗಂಗವ್ವ ಶಿವನ ಪಾದ ಸೇರಿದ್ದಳು. ಮುಂಜಾನೆ ಅವನು ಲಿಂಗಪೂಜೆಗೆ ಕುಳಿತಾಗ ಅಡುಗೆಮನೆಯಿಂದ ತಪ್ಪದೆ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು ಈಗ ಕೇಳುತ್ತಿರಲಿಲ್ಲ. ಮಗಳು ಶಿವಲೀಲಾ ಶಾಲೆಯ ಕೆಲಸಕ್ಕೆ ಹೋಗುವವಳು. ರೊಟ್ಟಿ ಈಗ ಪೇಟೆಯಿಂದ ಕಟ್ಟಿನಲ್ಲಿ ಬರುತ್ತಿತ್ತು, ಸದ್ದಿಲ್ಲದೆ.

ಆಗ ಎದ್ದು ಬಂದವಳು ಶಿವಲೀಲಾಳ ಮಗಳು, ಚಲಚ್ಚಿತ್ರಲೇಖನಧುರಂಧರೆಯಾದ ದಾನೇಶ್ವರಿ, ಮನೆಯವರ ಬಾಯಲ್ಲಿ ದಾನಿ. ಹುಬ್ಬಳ್ಳಿಯಲ್ಲಿ ಆ್ಯನಿಮೇಶನ್ ಕಲಿತು ಬಂದ ಇಪ್ಪತ್ತೆರಡರ ಹುಡುಗಿ. ಮಕ್ಕಳ ಚಿತ್ರೋತ್ಸವವೊಂದಕ್ಕೆ ಐದು ನಿಮಿಷದ ಚಿತ್ರ ಕಳಿಸುವುದಿತ್ತು. ಅದನ್ನು ತಾನೊಬ್ಬಳೇ ಮಾಡಬಲ್ಲೆನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ ಅಜ್ಜನ ತೊಡೆಯ ಮೇಲೆ ಬಿಳಿಯ ಹಾಳೆಗಳ ಕಟ್ಟನ್ನು ಇಟ್ಟುಬಿಟ್ಟಳು.

"ಕಥೀ ನಿಂದು, ಮುಖಾ ನಿಂದು. ಓಡಸೂದು ನಂದು. ಒಪ್ಪಿದಿ?"

"ನನ್ನ ಕೈ ಇನ್ನ ಎಲ್ಲಿ ಬರತೈತಿ ಯವ್ವಾ?"

"ಬರಲಿಲ್ಲಂದ್ರ ಗ್ವಾಡಿ ಐತೆಲ್ಲ, ಮತ್ತ ನೋಡಿಯಂತ."

ಈ ಕಟುವಚನಬಾಣವು ತಗುಲಬೇಕಾದಲ್ಲಿ ತಗುಲಿತು. ವೀರನು ಪೆನ್ಸಿಲು ಕೆತ್ತಿಕೊಂಡನು.

ಮೊದಲು ನಡೆದದ್ದು ಕಥಾಮಂಥನ. ಪರಮಭಕ್ತನಾದ ಗುರುಶಾಂತಪ್ಪನು ಬೇರೆ ಕಥೆಯನ್ನೇಕೆ ಯೋಚಿಸಿಯಾನು? ಶಿವನು ಆಕಾಶದ ಮೂರು ಊರುಗಳನ್ನು ಒಂದೇ ಬಾಣದಿಂದ ಸುಟ್ಟ ಪ್ರಸಂಗವನ್ನೇ ಹಿಡಿದನು. ಭೂಮಿಯೇ ರಥ, ಸೂರ್ಯಚಂದ್ರರೇ ಗಾಲಿ, ಹಿಂದೆ ಸಾವಿರದ ಇನ್ನೂರು ಮಂದಿ ಸೈನಿಕರು. ಹೇಳಿ ಮುಗಿಸಿ, ಮೀಸೆ ಸವರಿಕೊಂಡು ಮೊಮ್ಮಗಳ ಮುಖ ನೋಡಿದನು.

"ಅಜ್ಜಾ, ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ತೆಗೀಬೇಕು. ನಿನ್ನ ಸಾವಿರದ ಇನ್ನೂರು ಮಂದಿ ಒಂದ ಒಂದು ಹೆಜ್ಜಿ ಇಡೂದ್ರಾಗ ನನ್ನ ಲಗ್ನದ ವಯಸ್ಸು ದಾಟತೈತಿ."

"ಆತು, ಆರನೂರು ಮಾಡ."

"ಆರನೂರು ಮಂದಿಗೆ ಹನ್ನೆರಡನೂರು ಕಾಲು."

"ಧೂಳಾ ಎಬ್ಬಸು. ಕಾಲು ಕಾಣಂಗಿಲ್ಲ."

"ಧೂಳಾ ತೆಗಿಯೂದು ಕಾಲಿಗಿಂತ ಕಷ್ಟ."

ಹೀಗೆ ಆ ಚತುರಂಗಸೇನೆಯು ಒಂದು ಬಾಣವನ್ನೂ ಕಾಣದೆ ಪಡಸಾಲೆಯಲ್ಲೇ ಕರಗತೊಡಗಿತು. ಮಂಗಳವಾರ ಆರುನೂರಿದ್ದದ್ದು ಬುಧವಾರ ನಲವತ್ತಾಯಿತು. ಗುರುವಾರ ಆನೆಗಳು ಹೋದವು. ಶುಕ್ರವಾರ ರಥವು ಹೋಗಿ ಒಂದು ಕುದುರೆ ಉಳಿಯಿತು. ಶನಿವಾರ ಆ ಕುದುರೆಯ ನಾಲ್ಕು ಕಾಲುಗಳ ವಿಷಯದಲ್ಲಿ ಹೊಸ ತಕರಾರೆದ್ದಿತು. ರವಿವಾರ ಮುಂಜಾನೆ, ಮೂರು ಊರುಗಳನ್ನು ಸುಡಲು ಹೊರಟಿದ್ದ ಆ ಮಹಾಸೈನ್ಯದಲ್ಲಿ ಒಂದು ಗುಬ್ಬಿ ಮಾತ್ರ ಉಳಿದಿತ್ತು.

"ಗುಬ್ಬಿ ಛಲೋ," ಎಂದಳು ದಾನಿ. "ಎರಡೂ ಕಾಲು ಕೂಡೇ ಜಿಗೀತೈತಿ. ಒಂದ ಕಾಲಿನ ಕೆಲಸ. ಈಗ ಹೇಳು, ಗುಬ್ಬಿ ಏನ್ ಮಾಡತೈತಿ?"

ಗುರುಶಾಂತಪ್ಪನು ಅಡುಗೆಮನೆಯ ಕಡೆ ಮುಖ ತಿರುಗಿಸಿದನು. ಹೊರಗೆ ತರಕಾರಿಯವಳು ಕೂಗುತ್ತ ಹೋದಳು.

"ಕೇಳತೈತಿ," ಎಂದನು. ಆ ಮನೆಯಲ್ಲಿ ಅಮ್ಮ ಎಂದರೆ ಅಜ್ಜಿ, ನೀಲಗಂಗವ್ವ. "ನಿಮ್ಮ ಅಮ್ಮ ರೊಟ್ಟಿ ಬಡಿಯೂವಾಗ ಕಿಟಕ್ಯಾಗ ಒಂದು ಗುಬ್ಬಿ ಬಂದು ಕುಂದರತಿತ್ತು. ತಪ್ ತಪ್ ಅಂದಂಗ ಅದೂ ಜಿಗೀತಿತ್ತು. ಅದಕ್ಕ ಅದು ಬಾಜಾ ಇದ್ದಂಗ. ಒಂದಿನ ಸಪ್ಪಳ ಇಲ್ಲ. ಅಮ್ಮ ಮನ್ಯಾಗ ಇಲ್ಲ. ಗುಬ್ಬಿ ಕಿಟಕ್ಯಾಗ ಕುಂತು ಕಾಯತೈತಿ."

"ಅಮ್ಮ ಎಲ್ಲಿ ಹೋಗ್ಯಾಳ?"

"ಗಿರಣಿಗೆ. ಜ್ವಾಳಾ ಬೀಸಿಸಿಕೊಂಡು ಬರಾಕ."

ದಾನಿ ಹಾಳೆಯ ಮೇಲೆ ಏನನ್ನೂ ಬರೆಯಲಿಲ್ಲ. "ಬರತಾಳಲ್ಲ ಅಜ್ಜಾ, ಕಡೀಕ?"

"ಬರತಾಳ. ಪಿಚ್ಚರದಾಗ ಬರತಾಳ."

ಹೀಗೆ ಕಥೆ ಸಿದ್ಧವಾಯಿತು. ಅಮ್ಮ ಬಾಗಿಲು ದಾಟಿ ಹೋಗುತ್ತಾಳೆ, ಗುಬ್ಬಿ ಕಾಯುತ್ತದೆ, ಅಮ್ಮ ತಲೆಯ ಮೇಲೆ ಹಿಟ್ಟಿನ ಬುಟ್ಟಿ ಹೊತ್ತು ಮರಳುತ್ತಾಳೆ, ಮತ್ತೆ ಸದ್ದು ಏಳುತ್ತದೆ. ಮೊದಲ ವರ್ಷದ ಸ್ಮರಣೆಯ ದಿನ, ಜಂಗಮರ ಪಾದಪೂಜೆ ಆದ ಮೇಲೆ, ಬಂಧುಗಳೆಲ್ಲ ಕುಳಿತು ಇದನ್ನು ನೋಡಬೇಕೆಂದು ಗುರುಶಾಂತಪ್ಪನು ಸಂಕಲ್ಪ ಮಾಡಿದನು. ಉತ್ಸವಕ್ಕೆ ಕಳಿಸುವ ಕೊನೆಯ ದಿನ ಅದಕ್ಕೆ ಮೂರು ದಿನ ಮೊದಲು, ಒಂದು ಸೋಮವಾರ ಬರುತ್ತಿತ್ತು.

ಇನ್ನು ಆ ಪಾತ್ರವು ಅವತರಿಸಿದ ವೈಭವವನ್ನು ಏನೆಂದು ವರ್ಣಿಸೋಣ! ಒಂಬತ್ತು ತಿಂಗಳು ನಡುಗುತ್ತಿದ್ದ ಕೈ ಪೆನ್ಸಿಲು ಹಿಡಿದೊಡನೆ ಕಂಬದಂತೆ ನಿಂತಿತು. ಮೊದಲು ಹಣೆ, ಹಣೆಯಡ್ಡ ಮೂರೆಳೆಯ ವಿಭೂತಿ, ಅದರ ನಡುವೆ ಕುಂಕುಮ. ಆಮೇಲೆ ಅಷ್ಟು ವರ್ಷ ಬುಗುಡಿ ತೂಗಿ ಜಗ್ಗಿದ ಕಿವಿಗಳು. ತಲೆಯ ಮೇಲಿಂದ ಎರಡೂ ಹೆಗಲು ಮುಚ್ಚಿ ಇಳಿದ ಸೆರಗು. ಗಲ್ಲದ ನಟ್ಟನಡುವೆ ಒಂದು ಗುಳಿ. ಮುಂದಿನಿಂದ ಒಂದು, ಮಗ್ಗುಲಿನಿಂದ ಒಂದು, ಹಿಂದಿನಿಂದ ಒಂದು, ರೊಟ್ಟಿ ಬಡಿಯುತ್ತ ಕುಳಿತದ್ದೊಂದು, ಹೀಗೆ ನಾಲ್ಕು ನೀಲಗಂಗವ್ವಂದಿರು ಒಂದೇ ಹಾಳೆಯ ಮೇಲೆ ಎದ್ದು ನಿಂತರು. ಕಟ್ಟಕಡೆಗೆ ವೀರನು ಪೆನ್ಸಿಲಿನ ಮೊನೆಯನ್ನು ಸೂಜಿಯಂತೆ ಚೂಪು ಮಾಡಿ, ಉಸಿರು ಬಿಗಿಹಿಡಿದು, ಬಲಮೂಗಿನ ಹೊಳ್ಳೆಯ ಮೇಲೆ, ನಡುವೆ ಒಂದು ಕೆಂಪು ಸುತ್ತ ಆರು ಬಿಳಿ, ಒಟ್ಟು ಏಳು ಹರಳಿನ ಮೂಗುಬೊಟ್ಟನ್ನು ಇಟ್ಟನು.

ದಾನಿ ಹಾಳೆಯನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು. ಮೂಗು ಒರೆಸಿಕೊಂಡಳು. ಅನಂತರ ತನ್ನ ವಿದ್ಯೆಗೆ ತಕ್ಕ ಮಾತನ್ನೇ ಆಡಿದಳು.

"ಅಜ್ಜಾ, ಪ್ರತಿ ಚಿತ್ರದಾಗ ಏಳು ಹರಳು ಕುಂದರಸಾಕ ಆಗೂದಿಲ್ಲ. ಒಂದು ಚುಕ್ಕಿ ಇಡತೀನಿ."

"ಚುಕ್ಕಿ? ಲಗ್ನದಾಗ ಅವರಪ್ಪ ಹಾಕಿದ ಮೂಗಬೊಟ್ಟಿಗೆ ಚುಕ್ಕಿ ಅಂತೀ?"

"ಪಡದೇ ಮ್ಯಾಲೆ ಚುಕ್ಕೀನ ಕಾಣೂದು."

"ಹಂಗಾದ್ರ ದೊಡ್ಡ ಚುಕ್ಕಿ ಇಡು."

ಏಳು ಹರಳಿಗೆ ಬದಲಾಗಿ ಒಂದು ದೊಡ್ಡ ಚುಕ್ಕೆ ಎಂದು ಸಂಧಿಯಾಯಿತು. ಮುಂದೆ ಬರಲಿರುವ ಘೋರವನ್ನು ಆ ದಿನ ಯಾರೂ ಅರಿತಿರಲಿಲ್ಲ.

ಎರಡು ತಿಂಗಳು ಕಳೆದವು. ಸೋಮವಾರಕ್ಕೆ ಇನ್ನು ನಾಲ್ಕೇ ದಿನವೆನ್ನುವಾಗ, ಒಂದು ಮಧ್ಯಾಹ್ನ, ದಾನಿ ಅಜ್ಜನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಇಡೀ ಚಿತ್ರವನ್ನು ಓಡಿಸಿ ತೋರಿಸಿದಳು. ಬಿಳಿಯ ಬಯಲಲ್ಲಿ ಕಪ್ಪು ಗೆರೆಗಳು ಎದ್ದು ನಡೆದವು. ಗುಬ್ಬಿ ಜಿಗಿಯಿತು. ಅಮ್ಮ ಬುಟ್ಟಿ ಹೊತ್ತು ಎಡದಿಂದ ಬಲಕ್ಕೆ ಹೊರಟಳು, ಬಲಮೂಗಿನ ಮೇಲೆ ಚುಕ್ಕೆ ಎದ್ದು ಕಾಣುತ್ತಿತ್ತು. ಗುರುಶಾಂತಪ್ಪನು ಕನ್ನಡಕ ಒರೆಸಿಕೊಂಡನು. ಗುಬ್ಬಿ ಕಾದಿತು. ಅಮ್ಮ ಬಲದಿಂದ ಎಡಕ್ಕೆ ಮರಳಿದಳು.

"ನಿಲ್ಲಸು!"

ದಾನಿಯ ಕೈಯಿಂದ ಮೌಸು ಜಾರಿತು.

"ಮೂಗಬೊಟ್ಟು ಎಡಕ್ಕ ಹೆಂಗ ಬಂತು? ಹೋಗೂವಾಗ ಬಲಕ್ಕಿತ್ತು!"

"ಅದಾ? ತಿರುವೀನಿ ಅಜ್ಜಾ. ಹೋಗೂ ಚಿತ್ರಾನ ಕನ್ನಡಿಗೆ ಹಿಡಿದಂಗ ತಿರುವಿದ್ರ ಬರೂ ಚಿತ್ರ ಆಗತೈತಿ. ಎಲ್ಲಾರೂ ಹಿಂಗ ಮಾಡೂದು. ಇಲ್ಲಂದ್ರ ಮತ್ತ ತೊಂಬತ್ತಾರು ಚಿತ್ರ ತೆಗೀಬೇಕು."

"ಗಿರಣಿಗೆ ಹೋದಾಕಿ ಹಿಟ್ಟು ಬೀಸಿಸಿಕೊಂಡು ಬಂದ್ಲೋ, ಮೂಗು ಬದಲಿ ಮಾಡಿಸಿಕೊಂಡು ಬಂದ್ಲೋ?"

"ಯಾರಿಗೂ ಕಾಣಂಗಿಲ್ಲ ಅಜ್ಜಾ."

"ನನಗ ಕಾಣತೈತಿ!"

ದಾನಿ ರಾಜಿಗೆ ಬಂದಳು. ಮರಳಿ ಬರುವಾಗ ಅಮ್ಮನ ಎಡಮಗ್ಗುಲು ನಮ್ಮ ಕಡೆಗಿರುತ್ತದೆ. ಮೂಗುಬೊಟ್ಟು ಬಲಕ್ಕಿದ್ದರೆ ಅದು ಆಚೆಗೆ ಮರೆಯಾಗುವುದು ನ್ಯಾಯವೇ. ಆದ್ದರಿಂದ ಬರುವ ಚಿತ್ರಗಳಲ್ಲಿ ಚುಕ್ಕೆಯನ್ನು ಅಳಿಸಿಬಿಡುತ್ತೇನೆ, ಐದು ನಿಮಿಷದ ಕೆಲಸ ಎಂದಳು. ಅಳಿಸಿಯೂ ತೋರಿಸಿದಳು. ಬರಿಯ ಮೂಗಿನ ನೀಲಗಂಗವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಗೆ ಬಂದಳು.

ಗುರುಶಾಂತಪ್ಪನು ಕುರ್ಚಿಯಿಂದ ಎದ್ದುಬಿಟ್ಟನು.

"ಬ್ಯಾಡ. ಹಂಗ ಬ್ಯಾಡ." ಧ್ವನಿ ಇಳಿದಿತ್ತು. "ಮಣ್ಣಿಗಿಡೂ ದಿನ ಬಿಚ್ಚಿ ನನ್ನ ಕೈಯಾಗ ಕೊಟ್ರು. ಬರೇ ಮೂಗು ಅವತ್ತ ನೋಡೀನಿ. ಮನೀಗೆ ಬರೂ ಆಕೀನ್ನ ಹಂಗ ಕರಕೊಂಡು ಬರಬ್ಯಾಡ."

ಆ ಮೂಗುಬೊಟ್ಟು ಈಗಲೂ ಅವನ ವಿಭೂತಿಯ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿತ್ತು. ದಾನಿ ಅಳಿಸಿದ ಚುಕ್ಕೆಯನ್ನು ಮರಳಿ ತಂದಿಟ್ಟಳು. ಆದರೆ ನಾಲ್ಕು ದಿನಗಳು ನಾಲ್ಕೇ ಆಗಿದ್ದವು.

"ಮತ್ತೇನ್ ಮಾಡಲಿ?"

"ಮುಖಾ ಒಂಚೂರು ನಮ್ಮ ಕಡೆ ತಿರುವು. ಬಲಮೂಗು ಕಾಣಲಿ."

"ತೊಂಬತ್ತಾರೂ ಹೊಸಾವು ತೆಗೀಬೇಕು ಅಜ್ಜಾ, ತೊಂಬತ್ತಾರು! ಅಲ್ಲ, ಬಲಕ್ಕ ಇತ್ತು ಅಂತ ನಿನಗ ಖಾತ್ರಿ ಐತೇನು?"

ಹಾ! ಯಾವ ಮಾತನ್ನು ಆಡಬಾರದಿತ್ತೋ ಆ ಮಾತು ಆಡಿಹೋಯಿತು. ಪಡಸಾಲೆಯ ಗಾಳಿ ನಿಂತಿತು. ವೀರನು ಧೋತರದ ಚುಂಗನ್ನು ಮೇಲೆತ್ತಿ ಸಿಕ್ಕಿಸಿ, ಬಲಗೈಯನ್ನು ಮುಂದೆ ಚಾಚಿ, ಹೀಗೆ ಗರ್ಜಿಸಿದನು:

"ಕೇಳ ದಾನವ್ವಾ! ಈ ಕೈ ನಾಲ್ವತ್ತೊಂದು ವರ್ಷ ಉಳಿ ಹಿಡದೈತಿ. ಈ ಕೈ ಕೆತ್ತಿದ ಲಕ್ಷ್ಮಿ ಬೀದರಿನಿಂದ ಬಳ್ಳಾರೀತನಕ ದೇವರ ಮನ್ಯಾಗ ಕುಂತಾಳ. ಈ ಕೈ ಕೆತ್ತಿದ ಹುಲಿ ಕಂಡು ಬೀಡಿ ಸೇದವ್ರು ಕೆಮ್ಮಾಕ ಹೆದರ್ಯಾರ. ಒಂದ ಒಂದು ದೇವರು, ಒಂದ ಒಂದು ಸಲ, ಎಡಗೈಲೆ ಆಶೀರ್ವಾದ ಮಾಡಿಲ್ಲ. ಇಂಥಾ ಕೈ ಕಟ್ಟಿಕೊಂಡ ಹೆಂಡತಿ ಮೂಗು ತಪ್ಪತೈತೇನ?"

ದಾನೇಶ್ವರಿಯೂ ಅದೇ ವಂಶದ ರಕ್ತ. ಅವಳು ಸೊಂಟಕ್ಕೆ ಕೈಯಿಟ್ಟಳು.

"ನನ್ನ ಕೈ ಏನ್ ಕಮ್ಮೀ ಅಲ್ಲಜ್ಜಾ! ಈ ಬೆರಳು ಎರಡು ತಿಂಗಳದಾಗ ಎರಡು ಸಾವಿರ ಗುಬ್ಬಿ ತೆಗದಾವು. ಗುಬ್ಬಿ ನನ್ನ ಕನಸಿನ್ಯಾಗ ಬಂದು, ನಮ್ಮ ರೆಕ್ಕಿ ಸರಿ ಇಲ್ಲ ಅಂತ ಜಗಳಾ ತೆಗೀತಾವು. ಸಾಕ್ಷಿ ತೋರಸು, ತೊಂಬತ್ತಾರೂ ತೆಗೀತೀನಿ!"

ಸಾಕ್ಷಿಗಳನ್ನು ಕರೆಸಲಾಯಿತು. ಮೊದಲ ಸಾಕ್ಷಿ, ಗೋಡೆಯ ಮೇಲೆ ಮಾಲೆ ಧರಿಸಿದ್ದ ದೊಡ್ಡ ಫೋಟೋ. ನೀಲಗಂಗವ್ವ ತೀರಿಕೊಂಡ ವಾರದಲ್ಲಿ ಮಾಡಿಸಿದ್ದು. ಸ್ಟುಡಿಯೋದವನು ಅವಳ ಮುಖದ ಮೇಲಿನ ಸುಕ್ಕುಗಳನ್ನು ಕಂಪ್ಯೂಟರಿನಲ್ಲಿ ತೀಡಿ ತೆಗೆಯುವಾಗ ಮೂಗಿನ ಮೇಲಿನದನ್ನೂ ನರಹುಲಿ ಎಂದು ತಿಳಿದು ತೀಡಿಬಿಟ್ಟಿದ್ದನು. ಎರಡನೆಯ ಸಾಕ್ಷಿ, ದಾನಿಯ ಮೊಬೈಲು. ಅದರಲ್ಲಿ ಅಜ್ಜಿ ಮೊಮ್ಮಗಳು ಕೆನ್ನೆಗೆ ಕೆನ್ನೆ ಹಚ್ಚಿ ತೆಗೆದುಕೊಂಡ ಎರಡು ಫೋಟೋಗಳಿದ್ದವು. ಒಂದರಲ್ಲಿ ಮೂಗುಬೊಟ್ಟು ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ಮುಂದಿನ ಕ್ಯಾಮೆರಾ ಒಮ್ಮೊಮ್ಮೆ ಕನ್ನಡಿಯಂತೆ ತಿರುವಿ ಇಡುತ್ತದೆ, ಯಾವುದು ಯಾವಾಗಿನದೋ ತಿಳಿಯದೆಂದು ದಾನಿಯೇ ಒಪ್ಪಿಕೊಂಡಳು. ಮೂರನೆಯ ಸಾಕ್ಷಿಯಾಗಿ ಶಾಲೆಯಿಂದ ಬಂದ ಶಿವಲೀಲಾ, ಚೀಲ ಇಳಿಸುವ ಮೊದಲೇ ಕಟಕಟೆಯೇರಬೇಕಾಯಿತು.

"ಅವ್ವನ ಮೂಗಬೊಟ್ಟಾ? ಎಡಕ್ಕ ಅಲ್ಲೇನು?" ಎಂದು ಅವಳು ತನ್ನ ಎಡಮೂಗು ಮುಟ್ಟಿಕೊಂಡಳು. "ತಡೀ ತಡೀ. ನನ್ನ ಎದುರಿಗೆ ಕುಂತು ಅನ್ನಾ ತಿನಸತಿದ್ಲು, ಆವಾಗ ಈ ಕಡೆ ಕಾಣತಿತ್ತು." ಬಲಮೂಗು ಮುಟ್ಟಿಕೊಂಡಳು. "ಅಂದ್ರ ಆಕೀಗೆ... ಯಪ್ಪಾ, ಚಾ ಕುಡದು ಹೇಳಲೇನು?"

ಚಹಾ ಕುಡಿದ ಮೇಲೆ ಅವಳು ಎರಡೂ ಕಡೆ ಇತ್ತೇನೋ ಎಂದಳು.

ಮರುದಿನ ಮುಂಜಾನೆ ಪೂಜೆಗೆ ಕುಳಿತ ಗುರುಶಾಂತಪ್ಪನಿಗೆ ಲಿಂಗದಲ್ಲಿ ಕಣ್ಣು ನಿಲ್ಲಲಿಲ್ಲ. ಕಣ್ಣು ಮುಚ್ಚಿ ಅವಳ ಮುಖವನ್ನು ಕರೆದನು. ಮುಖ ಬಂದಿತು. ಮೂಗುಬೊಟ್ಟು ಮಾತ್ರ ಒಮ್ಮೆ ಬಲಕ್ಕೆ ಕುಳಿತು ಒಮ್ಮೆ ಎಡಕ್ಕೆ ಹಾರಿತು, ಕಿಟಕಿಯ ಗುಬ್ಬಿಯಂತೆ. ಐವತ್ತೆರಡು ವರ್ಷ ನೋಡಿದ ಮುಖ. ಹನ್ನೊಂದು ತಿಂಗಳಿಗೆ ಮೂಗು ಹೋಯಿತೆಂದರೆ, ಇನ್ನೊಂದು ವರ್ಷಕ್ಕೆ ಕಣ್ಣು ಹೋಗುತ್ತದೆ, ಆಮೇಲೆ ಗಲ್ಲದ ಗುಳಿ. ಶಿವನೇ, ಅವಳನ್ನು ಕರೆದುಕೊಂಡದ್ದು ನಿನ್ನ ಇಚ್ಛೆ. ಮುಖವನ್ನಾದರೂ ನನಗೆ ಬಿಡು ಎಂದು ಬೇಡಿಕೊಂಡನು. ಪೂಜೆ ಮುಗಿಸಿ, ಲಿಂಗದ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಹೊರಬಂದವನು ಯಾರನ್ನೂ ನೋಡದೆ ಹೇಳಿದನು.

"ತೊಂಬತ್ತಾರೂ ನಾನ ತೆಗೀತೀನಿ."

ಆ ಭೀಷಣ ಪ್ರತಿಜ್ಞೆಯನ್ನು ಕೇಳಿ ಮನೆಯ ಸೀಲಿಂಗ್ ಫ್ಯಾನು ಒಂದು ಕ್ಷಣ ನಿಂತುಹೋಯಿತು. ಕರೆಂಟು ಹೋಗಿತ್ತು. ಗಾಜಿನ ಹಲಗೆ, ಅದರ ಮೇಲೆ ಹಾಳೆ, ಎಡಕ್ಕೆ ಪೆನ್ಸಿಲುಗಳ ಬತ್ತಳಿಕೆ, ಬಲಕ್ಕೆ ರಬ್ಬರು, ಮೂಗಿನ ತುದಿಯಲ್ಲಿ ಕನ್ನಡಕ. ವೀರನು ಕಿಟಕಿಯ ಬೆಳಕಿಗೆ ಕುಳಿತು ಮುಖವನ್ನು ಒಂಚೂರು ನಮ್ಮ ಕಡೆಗೆ ತಿರುಗಿಸಿದ ನೀಲಗಂಗವ್ವನನ್ನು ತಿದ್ದಲಾರಂಭಿಸಿದನು. ಮಧ್ಯಾಹ್ನದ ಹೊತ್ತಿಗೆ ಐದಾದವು. ದಾನಿ ಎರಡು ಸಲ ಬಂದು ಇಣುಕಿದಳು. ತಾನೂ ಮಗ್ಗುಲಲ್ಲಿ ಕುಳಿತು ಗೆರೆ ಹಿಡಿಯಲೇ ಎಂದು ಕೇಳಿದಳು. "ಯುದ್ಧದಾಗ ಎದುರಾಳಿ ಸಹಾಯ ತಗೊಳ್ಳೂದಿಲ್ಲ," ಎಂದು ವೀರನು ತಲೆಯೆತ್ತದೆ ನುಡಿದನು. ನಾಲ್ಕು ಗಂಟೆಗೆ ಹನ್ನೊಂದಾದವು. ಹನ್ನೊಂದನೆಯದರಲ್ಲಿ ಪೆನ್ಸಿಲು ಜಾರಿ ಗಲ್ಲದ ಗುಳಿ ಕೆನ್ನೆಗೆ ಹೋಯಿತು. ಅವನು ರಬ್ಬರನ್ನು ಕೈಗೆತ್ತಿಕೊಂಡನು. ಅಳಿಸಲಿಲ್ಲ. ಹಾಗೆಯೇ ಕುಳಿತನು.

ಅದೇ ಸಮಯಕ್ಕೆ ಹೊಸ್ತಿಲಲ್ಲಿ ಚಪ್ಪಲಿ ಕಳಚುವ ಸದ್ದಾಯಿತು. ಬಂದವನು ಮೌಲಾಸಾಬ. ಗುರುಶಾಂತಪ್ಪ ಕೆತ್ತಿದ ಒಂದೊಂದು ಬ್ಲಾಕನ್ನೂ ಯಂತ್ರಕ್ಕೆ ಬಿಗಿದು, ಮಸಿ ಹಚ್ಚಿ, ಮೂವತ್ತಾರು ವರ್ಷ ಟ್ರೆಡಲ್ ತುಳಿದ ಲೋಹಯಂತ್ರಪದಾಘಾತಧೀರನು. ಯಂತ್ರ ಗುಜರಿಗೆ ಹೋದ ಮೇಲೂ ದಿನವೂ ನಾಲ್ಕಕ್ಕೆ ಗೆಳೆಯನ ಮನೆಗೆ ಚಹಾಕ್ಕೆ ಬರುವುದನ್ನು ಬಿಟ್ಟಿರಲಿಲ್ಲ. ಈ ಸಲ ಮಾತ್ರ ಬೇರೆ ಊರಿನ ತನ್ನ ಮಗಳ ಮನೆಯಲ್ಲಿ ಎರಡು ತಿಂಗಳಿದ್ದು ಅಂದೇ ಬೆಟಗೇರಿಗೆ ಮರಳಿದ್ದನು. ಯಾರನ್ನೂ ಮಾತಾಡಿಸುವ ಮೊದಲು ಅವನ ಕಣ್ಣು ಗೋಡೆಗೆ ಅಂಟಿಸಿದ್ದ ನಾಲ್ಕು ನೀಲಗಂಗವ್ವಂದಿರ ಹಾಳೆಯ ಮೇಲೆ ಬಿದ್ದಿತು. ಹತ್ತಿರ ಹೋದನು. ಕೈಕಟ್ಟಿ ನಿಂತನು.

"ನಮ್ಮ ನೀಲಗಂಗಕ್ಕ! ಅಬಾಬಾಬಾ, ಏನ್ ಬ್ಲಾಕ್ ಮಾಡೀಯೋ ಗುರುಶಾಂತಾ! ಅಚ್ಚು ಯಾವಾಗ ಹೊಡಿಯೂದು?"

"ಬ್ಲಾಕ್ ಅಲ್ಲೋ ಮಾರಾಯಾ. ಚಿತ್ರ ಅದು. ಹಿಂಗ ನೋಡೂದು."

"ಹಿಂಗ ನೋಡೂದಾ?" ಮೌಲಾಸಾಬನು ಕನ್ನಡಕವನ್ನು ಹಣೆಗೇರಿಸಿದನು. "ಹಂಗಾದ್ರ ನೀಲಗಂಗಕ್ಕ ಯಾವಾಗಿಂದ ಎಡಗೈಲೆ ರೊಟ್ಟಿ ಬಡಿಯಾಕತ್ಯಾಳ?"

ಎಲ್ಲರೂ ಹಾಳೆಯ ಕಡೆಗೆ ತಿರುಗಿದರು. ರೊಟ್ಟಿ ಬಡಿಯುತ್ತ ಕುಳಿತ ನೀಲಗಂಗವ್ವನ ಬಲಗೈ ಹಿಟ್ಟನ್ನು ತಿರುಗಿಸುತ್ತಿತ್ತು. ಎಡಗೈ ಎತ್ತಿ ಬಡಿಯುತ್ತಿತ್ತು.

ಎರಡು ತಿಂಗಳು ಆ ಹಾಳೆಯನ್ನು ಕಣ್ಣೆದುರಿಗೆ ಇಟ್ಟುಕೊಂಡು, ಅದೇ ಕೈಯನ್ನು ನೂರಾರು ಸಲ ಬರೆದಿದ್ದ ದಾನಿ ಹುಬ್ಬೇರಿಸಿದಳು. ರೊಟ್ಟಿಯನ್ನು ತಿಂದು ಗೊತ್ತಿತ್ತೇ ಹೊರತು ಬಡಿದು ಗೊತ್ತಿರಲಿಲ್ಲ. ಗುರುಶಾಂತಪ್ಪನು ಮೆಲ್ಲನೆ ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿದನು. ಎದುರಿಗೆ ಒಂದು ಒಲೆ, ಒಲೆಯ ಆಚೆ ಅವಳು. ಬಡಿಯುವ ಮೊದಲು ಎಡಗೈಯಿಂದ ಬಲಗೈಯ ಹಸಿರು ಬಳೆಗಳನ್ನು ಮೊಳಕೈವರೆಗೆ ದಬ್ಬಿಕೊಳ್ಳುತ್ತಿದ್ದಳು. ಹೌದು, ದಬ್ಬಿಕೊಳ್ಳುತ್ತಿದ್ದಳು. ಆಮೇಲೆ ಬಲಗೈ ಏಳುತ್ತಿತ್ತು. ತಪ್. ತಪ್. ಅದೇ ಕೈಯ ತೋರುಬೆರಳಿನಿಂದ ಬೆವರು ಒರೆಸಿಕೊಳ್ಳುವಾಗ ಮೂಗಿನ ಬಲಬದಿಗೆ ಹಿಟ್ಟು ಹತ್ತುತ್ತಿತ್ತು, ಮೂಗುಬೊಟ್ಟು ಇಲ್ಲದ ಬದಿಗೆ. "ಮೂಗಿಗೆ ಹಿಟ್ಟು ಹತ್ತೇತಿ," ಎಂದರೆ, "ಈ ಕಡೆ ಬೆಳ್ಳಿ, ಆ ಕಡೆ ಬಂಗಾರ, ಇರಲಿ ಬಿಡ್ರಿ," ಎನ್ನುತ್ತಿದ್ದಳು.

"ಎಡಕ್ಕ," ಎಂದನು ಗುರುಶಾಂತಪ್ಪ. "ಮೂಗಬೊಟ್ಟು ಎಡಕ್ಕ ಇತ್ತು. ನಾನು ಎಲ್ಲಾ ಉಲ್ಟಾ ತೆಗದೀನಿ. ಬ್ಲಾಕಿಗೆ ತೆಗದಂಗ ತೆಗದೀನಿ."

ಕನ್ನಡಿ ಹಿಡಿಯದ ಆ ಕೈ, ಎದುರಿಗಿದ್ದುದು ಕಟ್ಟಿಗೆಯಲ್ಲ ಕಾಗದವೆಂಬುದನ್ನು ಯಾರನ್ನೂ ಕೇಳದೆ, ತನ್ನ ನಾಲ್ವತ್ತೊಂದು ವರ್ಷದ ಧರ್ಮವನ್ನು ತಾನು ನಡೆಸಿಬಿಟ್ಟಿತ್ತು. ವೀರನು ಗೋಡೆಗೆ ಒರಗಿ ಕುಳಿತನು. ಸೋತವನ ಮುಖ ಹಾಗಿರುವುದಿಲ್ಲ.

"ಅಜ್ಜಾ," ಎಂದು ದಾನಿ ಅವನ ಮೊಣಕಾಲು ಹಿಡಿದುಕೊಂಡಳು. "ನೀ ಏನೂ ಮರತಿಲ್ಲ. ಅಚ್ಚು ಹೊಡಿಯೂದು ಒಂದ ಬಾಕಿ ಇತ್ತು, ಅಷ್ಟ."

"ಹೊಡಿ ಮತ್ತ," ಎಂದನು ಮೌಲಾಸಾಬ. "ಮೊದಲ ಚಾ."

ಚಹಾ ಮುಗಿಯುವಷ್ಟರಲ್ಲಿ ದಾನಿ ಇನ್ನೊಂದು ಸಂಗತಿಯನ್ನು ಕಂಡುಹಿಡಿದು ಕಿರುಚಿದಳು. ಮೂಗುಬೊಟ್ಟು ಎಡಕ್ಕಿದ್ದರೆ, ಅವಳು ತಿರುವಿದ ಚಿತ್ರವೇ ಸರಿ! ಯಾವುದನ್ನು ಅಜ್ಜ ಮಹಾಪಾತಕವೆಂದಿದ್ದನೋ ಅದೊಂದೇ ಇಡೀ ಚಿತ್ರದಲ್ಲಿ ನಿಜವಾಗಿತ್ತು. ಚುಕ್ಕೆಯನ್ನು ಅಳಿಸಬೇಕಾದದ್ದು ಹೋಗುವ ಚಿತ್ರಗಳಿಂದ.

"ಹೋಗೂವಾಗ ಕಾಣಂಗಿಲ್ಲ, ಅಜ್ಜಾ. ಬರೂವಾಗ ಕಾಣತೈತಿ."

ಗುರುಶಾಂತಪ್ಪನು ಬಸಿಯಲ್ಲಿದ್ದ ಚಹಾವನ್ನು ಊದಿದನು. ಅದು ಆಗಲೇ ಆರಿತ್ತು. "ಹಂಗ ಇರಲಿ," ಎಂದನು.

ರೊಟ್ಟಿಯ ಚಿತ್ರಗಳನ್ನು ತಿರುವಲು ಒಂದು ಗುಂಡಿ, ಚುಕ್ಕೆ ಅಳಿಸಲು ಇನ್ನೊಂದು. ತೊಂಬತ್ತಾರು ಚಿತ್ರಗಳ ಮಹಾಸಮರವು ಸಂಜೆಯ ದೀಪ ಹಚ್ಚುವ ಮೊದಲೇ ಮುಗಿದುಹೋಯಿತು. ಪ್ರತಿಜ್ಞೆಯ ಹನ್ನೊಂದು ಹಾಳೆಗಳನ್ನು ಶಿವಲೀಲಾ ಮರುದಿನ ಉಪ್ಪಿನಕಾಯಿ ಭರಣಿಗಳ ಕೆಳಗೆ ಹಾಸಿದಳು. ಸೋಮವಾರ ಚಿತ್ರ ಉತ್ಸವಕ್ಕೆ ಹೋಯಿತು.

ಗುರುವಾರ ವರ್ಷದ ಸ್ಮರಣೆ. ಜಂಗಮರ ಪಾದಪೂಜೆಯಾಗಿ, ಹೋಳಿಗೆಯ ಊಟವಾಗಿ, ಎಲೆಯಡಿಕೆಯಾದ ಮೇಲೆ ಪಡಸಾಲೆಯ ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿದರು. ಬಾಡಿಗೆಗೆ ತಂದ ಯಂತ್ರದಿಂದ ದಾನಿ ಗೋಡೆಯ ಮೇಲೆ ಬೆಳಕು ಬಿಟ್ಟಳು. ಹೊಟ್ಟೆ ತುಂಬಿದ ಬಂಧುಗಳು ಗೋಡೆಯ ಕಡೆ ಮುಖ ಮಾಡಿ ಕುಳಿತರು. ಇಬ್ಬರು ಆಗಲೇ ಗೊರಕೆ ಹೊಡೆಯುತ್ತಿದ್ದರು. ತಪ್ ತಪ್ ಎಂಬ ಸದ್ದು ಎದ್ದಿತು. ಬಲಗೈ ಬಡಿಯಿತು. ಗುಬ್ಬಿ ಜಿಗಿಯಿತು. ಮಕ್ಕಳು ನಕ್ಕರು. ಅಮ್ಮ ಹೋದಳು. ಗುಬ್ಬಿ ಕಾದಿತು. ಮೌಲಾಸಾಬ ಮೂಗು ಒರೆಸಿಕೊಂಡನು.

ಆಮೇಲೆ ಗೋಡೆಯ ಬಲತುದಿಯಲ್ಲಿ, ಬುಟ್ಟಿ ಹೊತ್ತು, ನೀಲಗಂಗವ್ವ ಕಾಣಿಸಿಕೊಂಡಳು. ಅವಳೊಂದಿಗೆ, ಯಾವುದಕ್ಕಾಗಿ ಮಹಾಸೈನ್ಯಗಳಷ್ಟು ಮಾತುಗಳು ಹೊಯ್ದಾಡಿದವೋ, ಸಾಕ್ಷಿಗಳು ಕಂಗೆಟ್ಟವೋ, ಪ್ರತಿಜ್ಞೆಗಳು ಮೊಳಗಿದವೋ ಆ ಏಳು ಹರಳಿನ ಮೂಗುಬೊಟ್ಟು ಗೋಡೆಯ ಮೇಲೆ ಒಂದು ಎಳ್ಳಿನಷ್ಟಾಗಿ ಬಂದಿತು.

ಬಾಗಿಲಿನ ಹತ್ತಿರ ನಿಂತಿದ್ದ ಶಿವಲೀಲಾ ಹೆಗಲ ಮೇಲಿನ ಟವೆಲ್ಲನ್ನು ಕೈಗೆತ್ತಿಕೊಂಡು ಗೋಡೆಯ ಕಡೆಗೆ ನಡೆದಳು.

"ಯಪ್ಪಾ, ಅವ್ವನ ಮೂಗಿನ ಮ್ಯಾಲೆ ನೊಣಾ ಕುಂತೈತಿ ನೋಡು."

ಎತ್ತಿದ ಅವಳ ಕೈಯನ್ನು ಗುರುಶಾಂತಪ್ಪನು ಕುಳಿತಲ್ಲಿಂದಲೇ ಹಿಡಿದುಕೊಂಡನು. ಕಣ್ಣನ್ನು ಗೋಡೆಯಿಂದ ತೆಗೆಯಲಿಲ್ಲ.

"ಹೊಡೀಬ್ಯಾಡವ್ವ," ಎಂದನು. "ಮನೀಗೆ ಹೊಂಟೈತಿ."